ನಾವು ಪ್ರೀತಿಲಿಂದ ಕೆಡಿಸಿದ ಸಂಶೋಧನಾಗಳು

ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಜತ್ತ ತಾಲೂಕಿಗಿ ಮಳಿ ಬರೂದು ತಪ್ಪಿದ್ರೂ ತಪ್ಪೀತು, ಸಂಶೋಧನಾ ಮಾಡೂ ಮಂದಿ ಬರೂದು ಮಾತ್ರ ತಪ್ಪೂದಿಲ್ಲ. ತೊಂಬತ್ತರ ದಶಕದಾಗ ಸುರು ಆದ ಈ ಜಾತ್ರಿ ಇನ್ನೂ ನಡದೈತಿ. ಒಬ್ರು ಕಲ್ಲು ನೋಡಾಕ ಬರ್ತಾರ, ಒಬ್ರು ಕುರಿ ಅಳಿಯಾಕ, ಒಬ್ರು ನಮ್ಮ ಮಾತು ಹಿಡಕೊಂಡು ಹೋಗಾಕ. ನಾನು ಸಂಖದ ಕಡಿ ಒಂದು ಹಳ್ಳ್ಯಾಗ ಕನ್ನಡ ಸಾಲಿ ಮಾಸ್ತರ. ಕನ್ನಡ ಬರ್ತೈತಿ, ಮರಾಠಿ ಬರ್ತೈತಿ, ಮನ್ಯಾಗ ಯಾವಾಗ್ಲೂ ಚಹಾ ಸಿಗ್ತೈತಿ. ಹಂಗಾಗಿ ಎಸ್‌ಟಿ ಬಸ್ಸು ಇಳಿದವ್ರು ಸೀದಾ ನಮ್ಮ ಕಟ್ಟಿಗಿ ಬಂದು ಕುಂದ್ರತಿದ್ರು. ಅವರ ಕೆಲಸ ಮುಗಿಯೂದ್ರೊಳಗ ನಮ್ಮ ಮಂದಿ ಅದನ್ನ ಏನರ ಒಂದು ಮಾಡಿ ಕೆಡಿಸಿ ಇಡ್ತಿದ್ರು. ಸಿಟ್ಟಿಲಿಂದ ಅಲ್ಲ ಮತ್ತ, ಪ್ರೀತಿಲಿಂದ.

ಇದನ್ನೆಲ್ಲಾ ನೆನಸಾಕ ಕಾರಣ ಪುಣೆ ಕಡಿಯಿಂದ ಬಂದ ಒಬ್ಬಾಕಿ ಹುಡುಗಿ. ಬರದ ಸೀಮಿ ಮಂದಿ ದಿನಾ ಏನು ಉಣ್ತಾರ, ಎಷ್ಟು ಉಣ್ತಾರ ಅಂತ ನೋಡಿ ಪಿಎಚ್‌ಡಿ ಮಾಡಾಕ ಬಂದಿದ್ಳು. ಅಪ್ಪ ಅರಿವಿ ಹೊಲಿಯೂ ಮನಷ್ಯಾ. ಆ ಮನೆತನದಾಗ ಕಾಲೇಜಿನ ಮೆಟ್ಟಿಲು ಹತ್ತಿದಾಕಿ ಈಕಿ ಒಬ್ಬಾಕೀನ. ಮೊದ್ಲ ಹಿಡಿದ ವಿಷಯ ಅರ್ಧಕ್ಕ ನಿಂತು ಹೋಗಿತ್ತು. “ಇದೂ ಕೆಟ್ರ ನೀ ಮನಿ ಹಾದಿ ಹಿಡಿ” ಅಂತ ಆಕಿ ಮಾರ್ಗದರ್ಶಕರು ಹೇಳಿ ಕಳಿಸಿದ್ರು. ನಮ್ಮೂರ ಚರಿತ್ರಿ ಗೊತ್ತಿದ್ದ ನಾನು, ಆ ಮಾತು ಕೇಳಿದ ಕೂಡ್ಲೆ ಆಕಿಗಿ ಇನ್ನೊಂದು ಕಪ್ಪು ಚಹಾ ಹಾಕಿಸಿದೆ. ಆ ಚರಿತ್ರಿ ಏನಂತ ಮೊದ್ಲ ಕೇಳ್ರಿ.

ಸರಕಾರದ ಬಿಲ್ಲೆ

ಮಾಡಗ್ಯಾಳ ಕುರಿ ಅಂದ್ರ ಗೊತ್ತಲ್ಲ, ಎತ್ತರದ ಕಾಲು, ಗಿಳಿ ಮೂಗು, ನೋಡಿದ್ರ ನೋಡಬೇಕು ಅನಸ್ತೈತಿ. ಆ ಕುರಿ ಮ್ಯಾಲ ಸಂಶೋಧನಾ ಮಾಡಾಕ ಒಬ್ರು ಪಶುವೈದ್ಯ ಸಾಹೇಬ್ರು ಬಂದ್ರು. ಒಂದೊಂದು ಕುರಿ ಹಿಡಿದು, ತೂಕ ಮಾಡಿ, ಮೂಗು ಅಳದು, ಕಿವಿಗಿ ನಂಬರಿನ ಬಿಲ್ಲೆ ಹಾಕಿದ್ರು. “ವರ್ಷ ಬಿಟ್ಟು ಬರ್ತೀನಿ, ಇವs ಕುರಿ ಮತ್ತ ತೂಗ್ತೀನಿ” ಅಂತ ಹೇಳಿ ಹೋದ್ರು.

ವರ್ಷ ಬಿಟ್ಟು ಬಂದು ನೋಡ್ತಾರ, ಹೋದ ಸಲ ಮರಿ ಹಾಕಿದ್ದ ಹೆಣ್ಣ ಕುರಿ ಈ ಸಲ ದೊಡ್ಡ ಟಗರಾಗಿ ನಿಂತೈತಿ. ನಂಬರ ಮಾತ್ರ ಅದs! ಮುದಿ ಕುರಿ ಎಳಿ ಮರಿ ಆಗೇತಿ. ಕರಿ ಕುರಿ ಬೆಳ್ಳಗ ಆಗೇತಿ. ಸಾಹೇಬ್ರು ಕನ್ನಡಕ ತಗದು ಒರಸಿ ಮತ್ತ ಹಾಕ್ಕೊಂಡು ನೋಡಿದ್ರು.

ಕುರಿ ಕಾಯೂ ಹಿರಿಯ ಶಾಂತವಾಗಿ ಹೇಳಿದ, “ಆ ಕುರಿ ಬಾಜಾರಕ್ಕ ಹೋದ್ವುರಿ. ಬಿಲ್ಲೆ ಸರಕಾರ ನಮ್ಮ ಮನಿಗಿ ಕೊಟ್ಟ ಮಾನ. ಅದನ್ನ ಹ್ಯಾಂಗ ಮಾರೂದು? ತಗದು ಚಲೋ ಚಲೋ ಕುರಿಗಿ ಹಾಕೀನಿ.”

ಆ ಹಿರಿಯಾ ಬಿಲ್ಲೆ ಕುರಿಗರ ಹಾಕಿದ್ದ. ಅವನ ತಮ್ಮಗ ಆ ವರ್ಷ ಕುರಿ ಎಲ್ಲಾ ಮಾರೂ ಪಾಳಿ ಬಂದಿತ್ತು, ಅವ ಬಿಲ್ಲೆ ನಾಯಿ ಕೊಳ್ಳಾಗ ಕಟ್ಟಿದ್ದ. ಸಾಹೇಬ್ರು ಸೋತು ಹೋಗಿ ಆ ನಾಯಿ ಮುಂದ ಕುಂತಾಗ ಅವನs ಸಮಾಧಾನ ಹೇಳಿದ, “ತೂಗ್ರಿ ಸಾಹೇಬ್ರ, ಅದು ಏನೂ ಮಾಡೂದಿಲ್ಲ.”

ಮಷೀನು

ಭಾಷಾಶಾಸ್ತ್ರದ ಪ್ರೊಫೆಸರ್ ಒಬ್ರು ಟೇಪ್ ರೆಕಾರ್ಡರ್ ಹಿಡಕೊಂಡು ಬಂದ್ರು. ಗಡಿನಾಡಿನ ಕನ್ನಡ ಹ್ಯಾಂಗೈತೋ ಹಂಗ ಹಿಡಿಬೇಕು ಅಂದ್ರು. ನಾನು ಅವರನ್ನ ನಮ್ಮ ಬಾಜೂ ಮನಿ ಖಾಲಾನ ಹತ್ರ ಕರಕೊಂಡು ಹೋದೆ. ಬಳಿ ಮಾರೂ ಮನೆತನ, ಮನ್ಯಾಗ ದಖನಿ ಉರ್ದು, ಓಣ್ಯಾಗ ಕನ್ನಡ. ಖಾಲಾ ಅಂದ್ರ ಚಿಗವ್ವ, ಊರಿಗೆಲ್ಲಾ ಆಕಿ ಖಾಲಾನs. ಸುರು ಮಾಡಿದ್ರ ಆಕಿ ಬಾಯಿಗಿ ಪೂರ್ಣವಿರಾಮ ಅನ್ನೂದs ಇಲ್ಲ.

ಪ್ರೊಫೆಸರ್ ಗುಂಡಿ ಒತ್ತಿದ್ರು. ಖಾಲಾ ತಲಿ ಮ್ಯಾಲ ಸೆರಗು ಹೊತ್ತು, ನೆಟ್ಟಗ ಕುಂತು, ತಹಸೀಲ ಕಚೇರ್ಯಾಗ ಮಾತಾಡೂ ಮರಾಠಿ ಸುರು ಮಾಡಿದ್ಳು. ಅವರು ಗುಂಡಿ ಬಂದ್ ಮಾಡಿದ್ರು. ಖಾಲಾ ಸೆರಗು ಇಳಿಸಿ, “ಚಹಾ ಆರಿ ಹೋಗ್ಲಾಕತ್ತದ, ಕುಡೀರಿ ಮೊದ್ಲ” ಅಂತ ಕನ್ನಡಕ್ಕ ಬಂದ್ಳು. ಮತ್ತ ಗುಂಡಿ ಒತ್ತಿದ್ರು. ಮತ್ತ ಸೆರಗು, ಮತ್ತ ಮರಾಠಿ.

ಪಾಪ, ಅವರು ಕೈ ಮುಗದು, “ಅವ್ವಾರ, ಇದರ ಮುಂದ ಕನ್ನಡದಾಗ ಮಾತಾಡ್ರಿ” ಅಂದ್ರು.

ಖಾಲಾ ಮಷೀನನ್ನ ಅನುಮಾನದಿಂದ ನೋಡಿ ಕೇಳಿದ್ಳು, “ಇದಕ್ಕ ಕನ್ನಡ ತಿಳಿತದೇನ್ರಿ?”

ಕೆಂಪ ಮಳಿ

ಇದೂ ಖಾಲಾಂದs ಕಥಿ. ಹವಾಮಾನದ ಸಾಹೇಬ್ರೊಬ್ರು ಮಳಿ ಅಳಿಯೂ ಬಾಂಡೆ ತಂದು ಆಕಿ ಹೊಲದಾಗ ನಿಲ್ಲಿಸಿದ್ರು. ವಾರಕ್ಕೊಮ್ಮಿ ಬರೂದು, ಒಳಗಿನ ಬಾಟ್ಲಿ ತಗಿಯೂದು, ಖಾಲಿ ಬಾಟ್ಲಿ ನೋಡಿ ಮಾರಿ ಸಣ್ಣದು ಮಾಡ್ಕೊಂಡು ಹೋಗೂದು.

ಖಾಲಾನ ಜೀವಕ್ಕ ಇದು ತಡೀಲಿಲ್ಲ. ನಮ್ಮ ಕಡಿ ಯಾರದರ ಬಾಂಡೆ ನಮ್ಮ ಮನಿಗಿ ಬಂದ್ರ ಅದನ್ನ ಖಾಲಿ ತಿರುಗಿ ಕೊಡೂ ಪದ್ಧತಿ ಇಲ್ಲ. ಏನೂ ಇಲ್ಲಂದ್ರ ಒಂದು ಚಿಟಿಕಿ ಸಕ್ರಿಯರ ಹಾಕಿ ಕೊಡಬೇಕು. ಅಂಥಾದ್ರಾಗ ಇಷ್ಟು ದೂರದಿಂದ ಬಂದ ಮನಷ್ಯಾ, ಅವರದ ಬಾಂಡೆ, ವಾರಾ ವಾರಾ ಖಾಲಿ ಒಯ್ಯೂದಂದ್ರ? ಆಕಿ ಸಾಹೇಬ್ರು ಬರೂ ದಿನಾ ಒಂದಿಷ್ಟು ನೀರು ಹಾಕಿ ಇಡಾಕ ಸುರು ಮಾಡಿದ್ಳು.

ಸಾಹೇಬ್ರಿಗಿ ಹಿಗ್ಗೋ ಹಿಗ್ಗು. ಸುತ್ತಮುತ್ತ ಎಲ್ಲೂ ಹನಿ ಇಲ್ಲ, ಖಾಲಾನ ಹೊಲದಾಗ ಮಾತ್ರ ಮಳಿ! ನಮ್ಮ ಕಟ್ಟಿ ಮ್ಯಾಲ ಕುಂತು ನನಗ ಗಾಳಿ ದಿಕ್ಕು, ಗುಡ್ಡದ ಎತ್ತರ ಎಲ್ಲಾ ತಿಳಿಸಿ ಹೇಳಿದ್ರು. ಹೊಸಾ ಸಿದ್ಧಾಂತ ಹುಟ್ಟೂ ಹಂತಕ್ಕ ಬಂದಿತ್ತು.

ಅಷ್ಟರಾಗ ಮೊಹರಮ್ ಬಂತು. ಅವತ್ತು ಬಾಟ್ಲಿ ತಗದ್ರ ಒಳಗ ಕೆಂಪ ನೀರು. ಸಾಹೇಬ್ರು ಬಾಟ್ಲಿಗಿ ಬೂಚು ಹಾಕಿ, ಅರಿವ್ಯಾಗ ಸುತ್ತಿ, ಕೂಸಿನಂಗ ಎದಿಗಿ ಅವಚಿಕೊಂಡು ಪ್ರಯೋಗಶಾಲಾಕ್ಕ ಒಯ್ದ್ರು. ನಮ್ಮ ಕೆಂಪ ಮಳ್ಯಾಗ ಸಕ್ರಿ ಐತಿ, ಯಾಲಕ್ಕಿನೂ ಐತಿ ಅಂತ ಅಲ್ಲಿಂದ ಉತ್ರ ಬಂತು.

ಓಡಿ ಬಂದು ಖಾಲಾನ್ನ ಕೇಳಿದ್ರು. ಆಕಿ ಉಲ್ಟಾ ಇವರನ್ನ ಕೇಳಿದ್ಳು, “ಹಬ್ಬದ ದಿನಾ ಶರಬತ್ ಬಿಟ್ಟು ಬರೇ ನೀರು ಹ್ಯಾಂಗ ಕೊಡೂದ್ರಿ ಸಾಹೇಬ್ರ?”

ಎಲ್ಲಾರ ಮನ್ಯಾಗೂ ಹೋಳಿಗಿ

ಈಗ ಪುಣೆ ಹುಡುಗಿ ಕಡಿ ಬರೂಣು. ಸಣ್ಣ ತಕ್ಕಡಿ ಹಿಡಕೊಂಡು ಮನಿ ಮನಿಗಿ ಹೋಗೂದು, ಅವರ ತಾಟಿನಾಗಿದ್ದದ್ದು ತೂಗಿ ಬರಕೊಳ್ಳೂದು, ಇದು ಆಕಿ ಕೆಲಸ. ಮೊದಲನೇ ಮನಿಗಿ ಹೋದ್ಳು. ಹೋಳಿಗಿ, ಕಟ್ಟಿನ ಸಾರು, ಮ್ಯಾಲ ತುಪ್ಪ. ಇವತ್ತೇನೋ ವಿಶೇಷ ಇದ್ದೀತು ಅಂತ ಎರಡನೇ ಮನಿಗಿ ಹೋದ್ಳು. ಅಲ್ಲೀನೂ ಹೋಳಿಗಿ. ಮೂರನೇ ಮನ್ಯಾಗ ಹೋಳಿಗಿ ಜೋಡಿ ಹಪ್ಪಳಾ ಕರದಿದ್ರು.

ಹೇಳದs ಹೋಗಬೇಕು ಅಂತ ನಾನು ಯುಕ್ತಿ ಹೇಳಿಕೊಟ್ಟೆ. ಆದ್ರ ನಮ್ಮೂರಾಗ ಆಕಿ ನಮ್ಮ ಹೊಸ್ತಿಲಾ ದಾಟೂದ್ರಾಗ ಊರ ತುದಿ ಮನ್ಯಾಗ ಬ್ಯಾಳಿ ಕುದಿಯಾಕ ಹತ್ತಿರ್ತಿತ್ತು. ಸಂಖಕ್ಕ ಕಳಿಸಿದೆ, ಬೆಳುಂಕಿಗಿ ಕಳಿಸಿದೆ. ಮಂದಿ ತುಂಬ್ಕೊಂಡು ಓಡಿಸೂ ವಡಾಪ್ ಜೀಪಿನವ ಆಕಿನ್ನ ಇಳಿಸಿ ಊರ ತುಂಬ ಸುದ್ದಿ ಮುಟ್ಟಿಸಿ ಹೋಗ್ತಿದ್ದ. ಎಲ್ಲಿ ಹೋದ್ರೂ ಹೋಳಿಗಿ.

ಒಂದು ದಿನಾ ಹುಡುಗಿ ನಮ್ಮ ಅಡಗಿಮನ್ಯಾಗ ಕುಂತು ಅಳಾಕ ಸುರು ಮಾಡಿ, ತನ್ನ ಮರಾಠ್ಯಾಗ ಅಂದ್ಳು, “ಬರದ ಸೀಮ್ಯಾಗ ಮಂದಿ ದಿನಾ ಎರಡು ಹೊತ್ತು ತುಪ್ಪ ಹೋಳಿಗಿ ಉಣ್ತಾರ ಅಂತ ಬರದ್ರ ನನ್ನ ಹೊರಗ ಹಾಕ್ತಾರ ಸರ್. ನಮ್ಮಪ್ಪಗ ಏನಂತ ಹೇಳ್ಲಿ?”

ನನಗ ಭಾಳ ಕೆಟ್ಟ ಅನಿಸ್ತು. ನನ್ನ ಹೆಂಡ್ತಿ, ನಮ್ಮಾಕಿಗೂ ಕಣ್ಣಾಗ ನೀರು ಬಂತು. ಕಣ್ಣು ಒರಸ್ಕೊಂಡು, “ಅಳಬ್ಯಾಡ ತಂಗಿ, ಕುಂದ್ರು” ಅಂತ ಹೇಳಿ ಆಕಿನ್ನ ಸಮಾಧಾನ ಮಾಡಾಕ ಒಲಿ ಹಚ್ಚಿ ಹೋಳಿಗಿ ಮಾಡಾಕ ನಿಂತ್ಳು.

ಮಗ ಇಲ್ಲದ ಮನಿ ಸೊಸಿ

ಹೋಳಿಗಿ ಬೇಯಿಸ್ತಾ ಬೇಯಿಸ್ತಾ ನಮ್ಮಾಕಿಗಿ ದಾರಿ ಹೊಳೀತು. ಸಟ್ಟುಗ ಕೈಯಾಗ ಹಿಡಕೊಂಡೇ ತಿರುಗಿ ನಿಂತು ಕೇಳಿದ್ಳು, “ಬೀಗರು ಬಂದ್ರ ಹೋಳಿಗಿ. ಮಗಳು ಬಂದ್ರ ಹೋಳಿಗಿ. ಸೊಸಿಗಿ ಯಾರು ಮಾಡ್ತಾರ?”

ನಾನು ಎದ್ದು ಒಲಿಗಿ ಕಟ್ಟಿಗಿ ಹಾಕಾಕ ಹೋದೆ. ಈ ಪ್ರಶ್ನೆಕ್ಕ ಉತ್ರ ಕೊಟ್ಟು ಉಳಿದ ಗಂಡಸ್ರು ಕಡಿಮಿ.

“ನಾಳಿಂದ ನೀ ಈ ಮನಿ ಸೊಸಿ” ಅಂದ್ಳು ನಮ್ಮಾಕಿ. ನಮಗ ಇದ್ದವ್ರು ಇಬ್ರೂ ಹೆಣ್ಣಮಕ್ಳು. ಮಗ ಇಲ್ಲ. ಆದ್ರೂ ಮರುದಿನಾ ಮುಂಜಾನೆ ನಮ್ಮ ಮನಿಗಿ ಸೊಸಿ ಬಂದಿದ್ಳು. ಹಳೀ ಸೀರಿ ಉಡಿಸಿ, ಕೈಯಾಗ ಕಸಬರಿಗಿ ಕೊಟ್ಟು, ಓಣಿಗೆಲ್ಲಾ ಕೇಳೂ ಹಂಗ ನಮ್ಮಾಕಿ ಒದರಿದ್ಳು, “ಏ ಲಗೂನ ಕಸಾ ಹೊಡಿ! ಹೊತ್ತು ಏರಿತು! ನೀರು ಯಾರು ತರಬೇಕು?”

ಹುಡುಗಿ ಹೌಹಾರಿದ್ಳು. ಆದ್ರ ಓಣಿಯವರ ಮಾರಿ ಬದಲಾದ್ವು. ಬೈಸ್ಕೊಂಡು ಕಸಾ ಹೊಡಿಯಾಕಿ ಎಲ್ಲಿ ಅತಿಥಿ? ತಕ್ಕಡಿ ಎಲ್ಲಾರಿಗೂ ಗೊತ್ತಿದ್ದದ್ದs, ಅದಕ್ಕೇನೂ ಅಂಜಿಕಿ ಇಲ್ಲ. ಆಕಿ ಹೋದ ಮನ್ಯಾಗ ಮೊದ್ಲ ಜ್ವಾಳ ಹಸನ ಮಾಡಾಕ ಹಚ್ಚಿದ್ರು, ಆಮ್ಯಾಲ ರೊಟ್ಟಿ ಬಡಿಯಾಕ ಕುಂದ್ರಿಸಿದ್ರು. ಆಕಿ ಬಡಿದ ರೊಟ್ಟಿ ನೋಡಿ ನಕ್ಕ್ರು, ಬೈದ್ರು. ಉಣ್ಣೂ ಹೊತ್ತಿಗಿ ಯಾರೂ ಆಕಿ ಕಡಿ ಲಕ್ಷ್ಯಾನ ಕೊಡಲಿಲ್ಲ.

ಕಡೀಗಿ ಖಾಲಾನ ಮನ್ಯಾಗ ಆ ದಿನಾ ಬಂತು. ಖಾಲಾ ತಾಟು ದಬ್ಬಿ, “ನಿನ್ನಿ ರೊಟ್ಟಿ ಅದಾವ, ಶೇಂಗಾ ಹಿಂಡಿ ಚಟ್ನಿ ಅದ. ಸುಮ್ಮ ತಿನ್ನು, ಭಾಳ ಕೆಲಸ ಬಾಕಿ ಅದ” ಅಂದ್ಳು.

ಆ ಕಡಕ್ ರೊಟ್ಟಿ ಕೈಯಾಗ ಹಿಡಕೊಂಡು ಹುಡುಗಿ ಆನಂದಕ್ಕ ಗಳಗಳ ಅಳಾಕ ಹತ್ತಿದ್ಳು.

ಖಾಲಾ ಗಾಬರಿ ಆದ್ಳು. “ಹಾಯ್ ಅಲ್ಲಾ! ಯಾಕ ಬೇಟಿ? ನಾ ಜೋರು ಮಾಡಿದ್ನೇನು? ತಡಿ, ಹೋಳಿಗಿ ಮಾಡ್ತೀನಿ!”

“ಬ್ಯಾಡ ಖಾಲಾ! ಕೈ ಮುಗೀತೀನಿ, ಬ್ಯಾಡ!” ಹುಡುಗಿ ಮೊದಲ ಸಲ ಕನ್ನಡ ಮಾತಾಡಿದ್ದು ಅವತ್ತ.

ಪರೀಕ್ಷಾ

ಪ್ರಬಂಧ ಮುಗೀತು. ವಿದ್ಯಾಪೀಠದಾಗ ಕಡೀ ಪರೀಕ್ಷಾ, ಎಲ್ಲಾರ ಎದುರಿಗಿ ಪ್ರಶ್ನೆ ಕೇಳ್ತಾರ, ಯಾರು ಬೇಕಾದ್ರೂ ಬಂದು ಕುಂದ್ರಬಹುದು ಅಂತ ಹುಡುಗಿ ಹೇಳಿ ಕಳಿಸಿದ್ಳು. ಯಾರು ಬೇಕಾದ್ರೂ ಅಂದ್ರ ನಮ್ಮ ಮಂದಿ ಬಿಡ್ತಾರ? ಜೀಪು ತುಂಬಿ ಹೊಂಟ್ವಿ. ನಾನು, ನಮ್ಮಾಕಿ, ಖಾಲಾ, ನಮ್ಮ ಓಣಿ ಹೆಣ್ಣಮಕ್ಳು. ಖಾಲಾನ ತೊಡಿ ಮ್ಯಾಲ ಒಂದು ದೊಡ್ಡ ಸ್ಟೀಲಿನ ಡಬ್ಬಿ.

ದೊಡ್ಡ ಖೋಲಿ. ಹಿಂದಿನ ಸಾಲಿನಾಗ ಹುಡುಗಿ ಅಪ್ಪ, ಇಸ್ತ್ರಿ ಅಂಗಿ ಹಾಕ್ಕೊಂಡು, ತೋಳಿನ ಹೊಲಿಗಿ ತಡವ್ತಾ ಕುಂತಿದ್ದ. ಹೊರಗಿನಿಂದ ಬಂದ ಪರೀಕ್ಷಕರು ಮೇಜಿನ ಹಿಂದ. ನಗು ಅನ್ನೂದು ಅವರ ಮಾರಿ ಕಡಿ ಹಾದು ಹೋದ ಗುರ್ತ ಇಲ್ಲ. ಮಾತೆಲ್ಲಾ ಮರಾಠ್ಯಾಗ, ಹಂಗಾಗಿ ನಮ್ಮವರಿಗಿ ಎಲ್ಲಾ ತಿಳೀತಿತ್ತು.

ಹುಡುಗಿ ಚಲೋ ಮಾತಾಡಿದ್ಳು. ಮೂರನೇ ಅಧ್ಯಾಯಕ್ಕ ಬಂದಾಗ ಪರೀಕ್ಷಕರು ಕೈ ಎತ್ತಿ ನಿಲ್ಲಿಸಿದ್ರು. ಹೊರಗಿನವ್ರು ನೋಡಾಕ ಬಂದ ಕೂಡ್ಲೆ ಮನಿ ಅಡಗಿ ಬದಲಾಗ್ತೈತಿ, ಆದ್ದರಿಂದ ಅತಿಥಿಯಾಗಿ ಹೋದವರಿಗಿ ಖರೇ ಊಟ ಕಾಣೂದಿಲ್ಲ ಅಂತ ಆ ಅಧ್ಯಾಯದಾಗ ಬರದಿದ್ಳು. ಖಾಲಾನ ಶರಬತ್ ಮಳಿನೂ ಅದರಾಗ ಹಾಕಿದ್ಳು.

“ಇದು ಶಾಸ್ತ್ರಾನೋ, ಅಜ್ಜಿ ಕಥೀನೋ?” ಅಂದ್ರು ಪರೀಕ್ಷಕರು. “ಗುರ್ತು ಪರಿಚಯ ಇಲ್ಲದವರಿಗಿ ಬಡವ್ರು ಹೋಳಿಗಿ ಮಾಡಿ ಹಾಕ್ತಾರ? ಮಳಿ ಬಾಟ್ಲ್ಯಾಗ ಶರಬತ್ ಹಾಕ್ತಾರ? ಪುರಾವಾ ಎಲ್ಲೈತಿ? ಈ ಅಧ್ಯಾಯ ಬಿದ್ರ ಮುಂದಿನದೆಲ್ಲಾ ಬೀಳ್ತೈತಿ. ನಾನು ಇದನ್ನ ಒಪ್ಪಾಕ ಆಗೂದಿಲ್ಲ.”

ಹುಡುಗಿ ಮಾರಿ ಬೆಳ್ಳಗಾತು. ಆಕಿ ಅಪ್ಪ ತಲಿ ಕೆಳಗ ಹಾಕಿದ.

ಆವಾಗ ನಮ್ಮ ಸಾಲಿನಾಗ ಬಳಿ ಸಪ್ಪಳಾತು. ಖಾಲಾ ಎದ್ದು ನಿಂತಿದ್ಳು. “ಶರಬತ್ ಹಾಕಿದಾಕಿ ನಾನ ಸಾಹೇಬ” ಅಂದ್ಳು.

ಖಾಲಾ ಡಬ್ಬಿ ಹೊತ್ಕೊಂಡು ಸೀದಾ ಮೇಜಿನ ತನಕಾ ಹೋದ್ಳು. ನಮ್ಮಾಕಿ ತುಪ್ಪದ ಗಿಂಡಿ ಹಿಡಕೊಂಡು ಬೆನ್ನಿಗಿ. ನಾನು “ಏ, ಏ” ಅನ್ನೂದ್ರಾಗ ಪ್ರಬಂಧ ಬಾಜೂಕ ಸರದಿತ್ತು, ಆ ಜಾಗಾದಾಗ ತಾಟು, ತಾಟಿನಾಗ ಹೋಳಿಗಿ, ಅದರ ಮ್ಯಾಲ ತುಪ್ಪ.

“ಮಾತಾಡಿ ಮಾತಾಡಿ ನಿಮ್ಮ ಬಾಯಿ ಒಣಗ್ಯಾದ. ಮೊದ್ಲ ತಿನ್ರಿ, ಆಮ್ಯಾಲ ಬೈರಿ” ಅಂದ್ಳು ಖಾಲಾ.

ಪರೀಕ್ಷಕರು ಕೆಂಪಗಾಗಿ, “ನಾನು ಯಾರು ಅಂತ ಗೊತ್ತೈತೇನು ನಿಮಗ?” ಅಂದ್ರು.

“ಇಲ್ರಿ. ಯಾರಿದ್ರೇನು, ತಿನ್ರಿ.”

ಹುಡುಗಿ ಮೆಲ್ಲಕ ಬಾಯಿ ಬಿಟ್ಟಳು, “ಸರ್, ಇದೇ ನನ್ನ ಮೂರನೇ ಅಧ್ಯಾಯ.”

ಪರೀಕ್ಷಕರು ಹುಡುಗಿನ್ನ ನೋಡಿದ್ರು, ಖಾಲಾನ್ನ ನೋಡಿದ್ರು, ಆಮ್ಯಾಲ ತಾಟು ನೋಡಿದ್ರು. ಒಂದು ತುತ್ತು ಮುರದು ಬಾಯಾಗ ಹಾಕ್ಕೊಂಡ್ರು. ಮತ್ತೊಂದು. ಹೋಳಿಗಿ ಮುಗಿಯೂ ತನಕಾ ಒಂದು ಪ್ರಶ್ನೆನೂ ಬರಲಿಲ್ಲ. ನಮ್ಮಾಕಿ ಇನ್ನೊಂದು ಹಾಕಿದ್ಳು, ಅದಕ್ಕೂ ಬ್ಯಾಡ ಅನ್ನಲಿಲ್ಲ. ಕೈ ತೊಳಕೊಂಡು ಬಂದು, “ಪುರಾವಾ ಸಾಕು” ಅಂತ ಸಹಿ ಮಾಡಿದ್ರು. ಹುಡುಗಿ ಡಾಕ್ಟರ್ ಆದ್ಳು. ಆಕಿ ಅಪ್ಪ ನನ್ನ ಕೈ ಹಿಡಿದು ಅಲ್ಲಾಡಿಸಿದ್ದು ಅಲ್ಲಾಡಿಸಿದ್ದs, ಬಿಡ್ಲೇ ಇಲ್ಲ.

ಉಳಿದ ಹೋಳಿಗಿ ಖೋಲ್ಯಾಗಿನ ಮಂದಿ ಮುಗಿಸಿದ್ರು. ನಾವು ಹೊರಡೂ ಮುಂದ ಖಾಲಾ ಮೇಜಿನ ಮ್ಯಾಲಿದ್ದ ತನ್ನ ಡಬ್ಬಿ ಕೇಳಿದ್ಳು. ಪರೀಕ್ಷಕರು ಪ್ರಬಂಧ ಪೂರ್ತಿ ಓದಿದ್ದ ಮನಷ್ಯಾ, ಬಾಂಡೆ ಖಾಲಿ ತಿರುಗಿ ಕೊಡಬಾರ್ದು ಅನ್ನೂದು ನೆನಪಿತ್ತು. ಸುತ್ತ ನೋಡಿದ್ರು. ಆ ಖೋಲ್ಯಾಗ ಏನಿರ್ತೈತಿ? ಕರಿಹಲಗಿ ಹತ್ರ ಇದ್ದ ಸೀಮಿಸುಣ್ಣದ ಕಡ್ಡಿ ಎಲ್ಲಾ ಬಳದು ಡಬ್ಬ್ಯಾಗ ಹಾಕಿ, ಮುಚ್ಚಳಾ ಹಚ್ಚಿ, ಎರಡೂ ಕೈಲಿಂದ ಕೊಟ್ರು.

ಜೀಪು ಜತ್ತದ ಹಾದಿ ಹಿಡಿದ ಮ್ಯಾಲ ಖಾಲಾ ಮುಚ್ಚಳಾ ತಗದು ನೋಡಿದ್ಳು. ಒಂದು ಕಡ್ಡಿ ಎತ್ತಿ, ಅತ್ಲಾಗ ಇತ್ಲಾಗ ತಿರುಗಿಸಿ, ಮೂಸಿ ನೋಡಿ, ಮತ್ತ ಒಳಗಿಟ್ಟಳು. ಆಮ್ಯಾಲ ಉಸಿರು ಬಿಟ್ಟು ನಮ್ಮಾಕಿಗಿ ಅಂದ್ಳು, “ಪಾಪ, ಅವರ ಕಡಿ ಭಾಳ ಬರ ಬಿದ್ದದ ನೋಡವ್ವಾ. ಮುಂದಿನ ಸಲ ಹೋಳಿಗಿ ಹೆಚ್ಚಿಗಿ ಒಯ್ಯೂಣು.”