ಎಮ್ಮೆ ಅಂದರೆ ಬೈಗುಳವೇ?

ಎಮ್ಮೆಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ಪೀಣ್ಯದಲ್ಲಿ ನಮ್ಮ ಮನೆಯ ಸುತ್ತ ಈಗ ಕಬ್ಬಿಣ ಕೊರೆಯುವ ಶೆಡ್ಡುಗಳಿವೆ. ಮೊದಲು ಅಲ್ಲೆಲ್ಲ ನಮ್ಮ ಎಮ್ಮೆಗಳೇ ಮೇಯುತ್ತಿದ್ದವು. ಅವುಗಳ ಜೊತೆ ಬೆಳೆದ ನಾಲಿಗೆ ನನ್ನದು. ಇಷ್ಟವಾದವರನ್ನು ‘ಎಮ್ಮೆ’ ಅನ್ನುತ್ತೇನೆ. ಇಷ್ಟವಾಗದವರಿಗೆ ‘ಬನ್ನಿ, ಕೂತ್ಕೊಳ್ಳಿ’ ಅನ್ನುತ್ತೇನೆ.

ನಮ್ಮ ಮಹಡಿಯ ಬಾಡಿಗೆ ರೂಮಿನಲ್ಲಿ ಯಾದಗಿರಿ ಕಡೆಯ ರೇಣುಕಾ ಇದ್ದಾಳೆ. ಗಂಡ ಬಸಣ್ಣನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ. ಇದು ನಡೆದಾಗ ಹುಡುಗಿ ತುಂಬು ಬಸುರಿ. ತಾಯಿಯಿಲ್ಲದ್ದರಿಂದ ಹೆರಿಗೆಗೆ ತವರಿಗೂ ಹೋಗುವಂತಿಲ್ಲ. ಬಾಣಂತನ ನಾನು ಮಾಡುತ್ತೇನೆಂದು ಮಾತು ಕೊಟ್ಟಿದ್ದೆ. ಸಂಜೆ ಮೆಟ್ಟಿಲ ಮೇಲೆ ಕೂತು ನನ್ನ ಹಳೇ ಕಥೆ ಕೇಳುವವಳು ಈ ಬೀದಿಯಲ್ಲಿ ಅವಳೊಬ್ಬಳೇ.

ಒಂದು ದಿನ ತುಂಬಿದ ಕೊಡ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು.

“ಇಳಿಸೇ ಎಮ್ಮೆ. ಒಟ್ಟೆಲಿ ಮಗೀನ ಇಟ್ಕೊಂಡು ಇಂಗಾ ಒತ್ಕೊಂಡೋಗೋದು?” ಎಂದೆ.

ಕೊಡ ಇಳಿಸಿದಳು. ಮುಖ ಸಣ್ಣಗಾಯಿತು.

ಸಂಜೆ ಬಸಣ್ಣ ಬಂದು ಕೈಕಟ್ಟಿ ನಿಂತ. “ಅಮ್ಮಾರ, ಈ ತಿಂಗಳಿಗಿ ರೂಮ್ ಬಿಡ್ತೀವ್ರಿ. ನಮ್ಮವ್ವ ಅಕಿಗಿ ದಿನಾ ಎಮ್ಮಿ ಎಮ್ಮಿ ಅಂದು ಅಳಸ್ತಿದ್ಲು. ಅದನ್ನ ತಪ್ಪಸ್ಬೇಕಂತನ ಇಲ್ಲಿಗಿ ಬಂದೀವ್ರಿ.”

ಅಲ್ಲಿಗೇ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದೆ. ಮಾರನೇ ಬೆಳಿಗ್ಗೆ ಮಹಡಿ ಹತ್ತಿ ವಿವರಣೆ ಕೊಡಲು ಹೋದೆ!

ಎಮ್ಮೆ ಬೈಗುಳವಾದ ಬಗೆಯನ್ನು ಸವಿಸ್ತಾರವಾಗಿ ನಿವೇದಿಸಿಕೊಂಡೆ. ಹಾರ್ನ್ ಹೊಡೆದರೂ ಎಮ್ಮೆ ದಾರಿ ಬಿಡುವುದಿಲ್ಲ, ಕೂಗಿದರೂ ತಿರುಗುವುದಿಲ್ಲ. ಅವಸರದವರು ಅದಕ್ಕೆ ಮಂದಬುದ್ಧಿ ಎಂದು ಹೆಸರಿಟ್ಟರು. ಅವರ್ಯಾರೂ ಹಾಲು ಕರೆದವರಲ್ಲ. ನಮ್ಮ ಗೌರಿ ಎಂಬ ಎಮ್ಮೆ ಬೇರೆಯವರ ಕೈಗೆ ಒಂದು ಹನಿ ಹಾಲು ಕೊಡುತ್ತಿರಲಿಲ್ಲ. ನನಗೆ ಜ್ವರ ಬಂದಾಗ ನನ್ನ ಸೀರೆ ಉಟ್ಟು ಕರೆಯಲು ಹೋದ ನನ್ನ ಗಂಡನನ್ನು ಒದ್ದು ಕೆಡವಿತ್ತು.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. “ನಿನ್ ಕಣ್ಣು ಥೇಟ್ ಅದರದೇ ಕಣವ್ವ, ನಡಿಗೇನೂ ಅಂಗೇ” ಎಂದುಬಿಟ್ಟೆ! ರೇಣುಕಾ ಟ್ರಂಕು ಎಳೆದು ಬಟ್ಟೆ ತುಂಬತೊಡಗಿದಳು.

ಗಿಣ್ಣು ಕೊಟ್ಟು ಸಮಾಧಾನ ಮಾಡೋಣವೆನಿಸಿತು. ಹಿಂದಿನ ಬೀದಿಯಲ್ಲಿ ಇನ್ನೂ ಎಮ್ಮೆ ಸಾಕಿರುವ ಮನೆಯಿಂದ ಕರು ಹಾಕಿದ ಎಮ್ಮೆಯ ಮೊದಲ ಹಾಲು ತಂದು, ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ಒಯ್ದೆ. ಒಂದು ತುಂಡು ಬಾಯಿಗಿಟ್ಟಳು. ಮುಖ ಅರಳಿತು.

“ತಿನ್ನವ್ವ, ನಿನ್ನೆ ಕರ ಆಕಿದ್ದು. ನಿಂದೂ ಇಂಗೇ ಸಲೀಸಾಗಾಗ್ಲಿ” ಎಂದು ಹರಸಿದೆ.

ತಟ್ಟೆ ಕೆಳಗಿಟ್ಟಳು.

ಇನ್ನು ಮಾತೇ ಬೇಡವೆಂದು ಬೆನ್ನು ಸವರಿದೆ. ಕೈಗೇನು ಗೊತ್ತು? ಕೊಟ್ಟಿಗೆಯ ಅಭ್ಯಾಸದಲ್ಲಿ ದಪದಪ ತಟ್ಟಿ, ಬಾಯಲ್ಲಿ ಲೊಚಲೊಚ ಸದ್ದು ಮಾಡಿದೆ! ಅವಳು ತಿರುಗಿ ನೋಡಿದಳು. ನನ್ನ ಕಣ್ಣಲ್ಲಿ ನೀರಿತ್ತು, ಈರುಳ್ಳಿಯೇನೂ ಹೆಚ್ಚಿರಲಿಲ್ಲ. ಮೊದಲು ತುಟಿ ಕಚ್ಚಿಕೊಂಡಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

“ನೀವು ಬೈಲಾಕ ಅಂದಿಲ್ಲ ಬಿಡ್ರಿ. ಆದ್ರ ಅದು ಕಿವಿಗಿ ಬಿದ್ರ ನಮ್ಮತ್ತಿ ಮಾರಿನ ಕಾಣಸ್ತದ. ಇನ್ನ ಯಾವ ಪ್ರಾಣಿ ಹೆಸರೂ ಹಿಡೀಬ್ಯಾಡ್ರಿ. ಹಂಗಿದ್ರ ಇರ್ತೀವಿ.”

ಒಪ್ಪಿದೆ. ಅಂದಿನಿಂದ ನಾನು ಮೌನಿ. ಹಲ್ಲುನೋವೇ ಎಂದು ಬೀದಿಯವರೆಲ್ಲ ವಿಚಾರಿಸಿದರು.

ಹೆಣ್ಣು ಮಗುವಾಯಿತು. ಆಸ್ಪತ್ರೆಯಲ್ಲಿ ಬಸಣ್ಣ ಅದನ್ನು ನನ್ನ ಮಡಿಲಿಗೆ ಹಾಕಿದ. ಕಪ್ಪಗೆ ಮಿಂಚುವ ಕೂದಲು, ಇಷ್ಟಗಲ ಕಣ್ಣು. ಪ್ರೀತಿ ಗಂಟಲವರೆಗೆ ಬಂತು, ಹೊರಬರಲು ಪದವಿಲ್ಲ! ಜೀವಮಾನವೆಲ್ಲ ನಾನು ಮುದ್ದು ಮಾಡಿದ್ದು ಕೊಟ್ಟಿಗೆಯ ಹೆಸರುಗಳಲ್ಲೇ. ಬಾಯಿ ತೆರೆದೆ, ಮುಚ್ಚಿದೆ, ಮತ್ತೆ ತೆರೆದೆ.

ರೇಣುಕಾಗೆ ಅಯ್ಯೋ ಅನಿಸಿರಬೇಕು. “ಅಂದುಬಿಡ್ರಿ ಅಮ್ಮಾರ. ನಿಮ್ಮ ಬಾಯಾಗಿಂದ ಬಂದ್ರ ಚಲೋನ ಇರ್ತದ” ಎಂದಳು.

ಅಪ್ಪಣೆ ಸಿಕ್ಕಿತು. ಆ ಗಳಿಗೆಯಲ್ಲಿ ನನಗೆ ಒಂದು ಪ್ರಾಣಿಯೂ ನೆನಪಾಗಲಿಲ್ಲ! ಗೊಳೋ ಎಂದು ಅಳುತ್ತಾ ಕೂತೆ. ಮಗು ಮಾತ್ರ ಗಂಭೀರವಾಗಿ ನನ್ನನ್ನೇ ನೋಡುತ್ತಿತ್ತು. ವಾರ್ಡಿಗೆ ಬಂದ ನರ್ಸ್ ನಮ್ಮಿಬ್ಬರನ್ನೂ ನೋಡಿ, “ಹೆತ್ತಿದ್ದು ಈ ಅಜ್ಜೀನಾ?” ಎಂದು ಕೇಳಿದಳು.