ಯಾರೂ ಟೋಪಿ ತೆಗೆಯಬೇಡಿ!

ಆ ದಿನದ ಎಲ್ಲ ರಗಳೆಗೂ ಮೂಲ, ಮುದಿ ಕುರಿಗಾಹಿಯೊಬ್ಬ ಮರ್ಯಾದೆಗೆಂದು ಟೋಪಿ ತೆಗೆದದ್ದು.

ಪೆದ್ರಾಲ್ಬಿಯಾ ಎಂಬ ಊರಿನಲ್ಲಿ, ದೋನ್ಯಾ ವಿಸಿತಾಸಿಯೋನ್ ಎಂಬ ಯಜಮಾನಿಯವರ ಲಾಯದಿಂದ ಬೆಳಿಗ್ಗೆ ಐದು ಕುದುರೆಗಳು ಹೊರಟಿದ್ದವು. ಎಲ್ಲರಿಗಿಂತ ಮುಂದೆ ದಾರಿ ತೋರಿಸುವ ಎವರಿಸ್ತೋ. ಅವನ ಹಿಂದೆ, ಆರು ದಿನ ಕುದುರೆಯ ಮೇಲೆ ಕೂತು ಸ್ಪೇನಿನ ಹಳ್ಳಿಗಾಡು ನೋಡುತ್ತೇವೆಂದು ಬಂದ ಮೂವರು ಅತಿಥಿಗಳು: ಜರ್ಮನಿಯ ಒಬ್ಬ ದಢೂತಿ ದಂತವೈದ್ಯ, ಅವನ ಹೆಂಡತಿ, ಮತ್ತು ಹಂಗೇರಿಯಿಂದ ಬಂದ ಎಪ್ಪತ್ತೆರಡು ವರ್ಷದ ಪಿರೋಷ್ಕಾ ಎಂಬ ಸಣಕಲು ಅಜ್ಜಿ. ಕೊನೆಯಲ್ಲಿ, ಊಟದ ಬುಟ್ಟಿ ಹೊತ್ತ ಹೇಸರಗತ್ತೆಯನ್ನು ಎಳೆದುಕೊಂಡು ನೆಮೆಸಿಯೋ.

ಊರಾಚೆಯ ಕಲ್ಲುಗೋಡೆಯ ಹತ್ತಿರ ಕುರಿಗಾಹಿ ಎದುರಾದ. ಅಜ್ಜಿಯನ್ನು ಕಂಡವನೇ ಟೋಪಿ ತೆಗೆದು ಎದೆಗೊತ್ತಿಕೊಂಡು, "ದೇವರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಅಮ್ಮಾವ್ರೇ" ಎಂದ. ಅಷ್ಟೇ. ಅಜ್ಜಿ ಕೂತಿದ್ದ ಮಾರ್ಕೇಸಾ ಎಂಬ ಬಿಳಿ ಕುದುರೆ ಗಕ್ಕನೆ ನಿಂತು, ಒಂದು ಮುಂಗಾಲು ಚಾಚಿ, ಇನ್ನೊಂದನ್ನು ಮಡಿಸಿ, ಮೂತಿ ನೆಲಕ್ಕೆ ತಾಗುವಷ್ಟು ಬಾಗಿಬಿಟ್ಟಿತು.

ಎವರಿಸ್ತೋನ ಜೀವ ಬಾಯಿಗೆ ಬಂತು. ಅಜ್ಜಿ ಮಾತ್ರ ಆರಾಮಕುರ್ಚಿಯಲ್ಲಿ ಒರಗಿದವಳಂತೆ ಹಿಂದಕ್ಕೆ ಬಾಗಿ ಕೂತಿದ್ದಳು. ಕುದುರೆ ಎದ್ದು ನಿಂತಿತು. ಯಾರೂ ಬೀಳಲಿಲ್ಲ.

ಬಿದ್ದಿದ್ದರೆ ಎವರಿಸ್ತೋನ ಕತೆ ಮುಗಿಯುತ್ತಿತ್ತು. ಆ ವರ್ಷ ಆಗಲೇ ಇಬ್ಬರು ಬಿದ್ದಿದ್ದರು. ಮೊದಲನೆಯವನು ಹಳ್ಳ ದಾಟುವಾಗ ಬಿದ್ದ. ಎವರಿಸ್ತೋ ಆಗ ಅವನಿಗೆ ಆಕಾಶದಲ್ಲಿ ಕೊಕ್ಕರೆ ತೋರಿಸುತ್ತಿದ್ದ. ಎರಡನೆಯವಳು ಗೂಟಕ್ಕೆ ಕಟ್ಟಿಹಾಕಿದ್ದ ಕುದುರೆಯ ಮೇಲಿಂದ ಬಿದ್ದಳು. ಅದು ಹೇಗೆ ಎಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಹಾಗಾಗಿ ಈ ದಿನ ಬೆಳಿಗ್ಗೆ ಹೊರಡುವ ಮೊದಲು ದೋನ್ಯಾ ವಿಸಿತಾಸಿಯೋನ್ ಅವನನ್ನು ಕರೆದು ಹೇಳಿದ್ದರು: "ನೋಡು ಎವರಿಸ್ತೋ, ಇವತ್ತು ಒಬ್ಬರು ಬಿದ್ರೂ ನಾಳೆಯಿಂದ ನೆಮೆಸಿಯೋ ಮುಂದೆ, ನೀನು ಹೇಸರಗತ್ತೆ ಜೊತೆ ಹಿಂದೆ. ಯಾರೂ ಬೀಳ್ಲಿಲ್ವೋ, ಮುಂದಿನ ಜಾಗ ಸಾಯೋವರ್ಗೂ ನಿಂದೇ. ನನ್ನ ಮಾತು ಅಂದ್ರೆ ಮಾತು."

ಹನ್ನೆರಡು ವರ್ಷ ಎಲ್ಲರಿಗಿಂತ ಮುಂದೆ, ಅಗಲ ಅಂಚಿನ ಕರಿ ಟೋಪಿ ಹಾಕಿಕೊಂಡು ಊರಿನ ನಡುವೆ ಹಾದುಹೋಗುವ ಸುಖ ಕಂಡವನು ಹೇಸರಗತ್ತೆಯ ಬಾಲ ನೋಡಿಕೊಂಡು ಬದುಕಬಲ್ಲನೇ? ಆ ಟೋಪಿಯ ವಿಷಯವನ್ನೂ ಇಲ್ಲೇ ಹೇಳಿಬಿಡಬೇಕು. ಮೂವತ್ತಾರನೆಯ ವಯಸ್ಸಿಗೆ ಎವರಿಸ್ತೋನ ಕೂದಲೆಲ್ಲ ಉದುರಿ ತಲೆ ತಾಮ್ರದ ಚೊಂಬಿನಂತಾಗಿತ್ತು. ಅಂದಿನಿಂದ ಒಂಬತ್ತು ವರ್ಷವಾದರೂ ಟೋಪಿಯನ್ನು ನಾಲ್ಕು ಜನರ ಎದುರು ಅವನು ತೆಗೆದಿರಲಿಲ್ಲ. ಚರ್ಚಿನೊಳಗೆ ತೆಗೆಯಲೇಬೇಕಾಗುತ್ತದೆಂದು ಚರ್ಚಿಗೇ ಹೋಗುವುದನ್ನು ಬಿಟ್ಟ. ಪಾದ್ರಿಗಳು ಮನೆಗೆ ಬಂದು ಎರಡು ಗಂಟೆ ವಾದಿಸಿದರು. ತಲೆಯ ವಿಷಯ ಹೇಳುವುದಕ್ಕಿಂತ ದೇವರ ವಿಷಯದಲ್ಲಿ ಭಿನ್ನಾಭಿಪ್ರಾಯ ಇಟ್ಟುಕೊಳ್ಳುವುದೇ ಮೇಲೆಂದು ಎವರಿಸ್ತೋ ಬಾಯಿ ಬಿಡಲಿಲ್ಲ. ಅಂದಿನಿಂದ ಊರೆಲ್ಲ ಅವನನ್ನು ಭಾರೀ ವಿಚಾರವಂತನೆಂದು ನಂಬಿತ್ತು. ಕುಡಿಯಲು ಬಾರಿಗೆ ಹೋದರೆ ಜನ ಸರಿದು ಜಾಗ ಬಿಡುತ್ತಿದ್ದರು. ಅದೂ ಅವನಿಗೆ ಹಿತವಾಗಿಯೇ ಇತ್ತು.

ಮುಂದಿನ ಹಳ್ಳಿಯ ನೀರಿನ ತೊಟ್ಟಿಯ ಬಳಿ ಅಂಚೆಯವನು ಸಿಕ್ಕಿದ. "ನಮಸ್ಕಾರ ಸೆನ್ಯೋರಾ" ಎಂದು ಅಜ್ಜಿಗೆ ಟೋಪಿ ತೆಗೆದ. ಮಾರ್ಕೇಸಾ ಮತ್ತೆ ಮಂಡಿಯೂರಿತು.

"ಸೆನ್ಯೋರ್ ಎವರಿಸ್ತೋ," ಅಜ್ಜಿ ತನ್ನ ಒಡಕು ಸ್ಪ್ಯಾನಿಷಿನಲ್ಲಿ ನಿಧಾನಕ್ಕೆ ಶುರುಮಾಡಿದಳು, "ಈ ಕುದುರೆ ಇದೆಯಲ್ಲ, ನಾನು…"

"ಗೊತ್ತು ಅಮ್ಮಾ, ಗೊತ್ತು! ಗಾಬರಿ ಆಗ್ಬೇಡಿ. ಇನ್ಮೇಲೆ ಹೀಗಾಗಲ್ಲ, ನನ್ನಾಣೆ!"

ಅಜ್ಜಿಯ ಮುಖ ಸಪ್ಪಗಾಯಿತು. ಪಾಪ, ಹೆದರಿದ್ದಾಳೆ ಎಂದುಕೊಂಡ ಎವರಿಸ್ತೋ.

ಮಾರ್ಕೇಸಾಳನ್ನು ದೋನ್ಯಾ ವಿಸಿತಾಸಿಯೋನ್ ಹೋದ ತಿಂಗಳಷ್ಟೇ, ಕುದುರೆ ಕುಣಿಸಿ ಹೊಟ್ಟೆ ಹೊರೆಯುತ್ತಿದ್ದವನೊಬ್ಬನಿಂದ ಕೊಂಡಿದ್ದರು. ಎವರಿಸ್ತೋನ ತಲೆಯಲ್ಲಿ ಲೆಕ್ಕ ಸರಸರನೆ ಕೂಡಿತು. ಕುರಿಗಾಹಿ ಟೋಪಿ ತೆಗೆದ, ಬಾಗಿತು. ಅಂಚೆಯವನು ತೆಗೆದ, ಬಾಗಿತು. ಆ ಖದೀಮ ಇದಕ್ಕೆ ಟೋಪಿ ತೆಗೆದರೆ ಬಾಗುವುದನ್ನು ಕಲಿಸಿದ್ದಾನೆ! ಎವರಿಸ್ತೋನ ಬುದ್ಧಿ ಅಲ್ಲಿಗೆ ಬಂದು ನಿಂತಿತು. ಒಂದು ಹೆಜ್ಜೆಯೂ ಮುಂದಕ್ಕೆ ಹೋಗಲಿಲ್ಲ.

ಮೊದಲು ಅತಿಥಿಗಳ ಟೋಪಿಗಳನ್ನು ಹುಲ್ಲಿನ ಕಂತೆ ಕಟ್ಟುವ ದಾರದಿಂದ ಗದ್ದಕ್ಕೆ ಬಿಗಿದು ಕಟ್ಟಿದ.

"ನಾನು ಬೆವರು ಒರೆಸ್ಕೋಬೇಕು!" ಎಂದ ಜರ್ಮನ್ ವೈದ್ಯ.

"ಬೇಡ ಸ್ವಾಮಿ. ನಮ್ ಕಡೆ ಬಿಸಿಲಲ್ಲಿ ಟೋಪಿ ತೆಗೆದ್ರೆ ಮಿದುಳಿಗೆ ಗಾಳಿ ಹೊಗುತ್ತೆ."

"ನಿಂಗೆ ಹೊಕ್ಕು ಬಹಳ ದಿನ ಆಯ್ತು ಕಣೋ," ಎಂದ ಹಿಂದಿನಿಂದ ನೆಮೆಸಿಯೋ. "ಅಜ್ಜಿ ಬಿದ್ರೆ ಹೇಳು ಮಾರಾಯ, ಈ ಹೇಸರಗತ್ತೆಗೆ ಏನೇನು ಇಷ್ಟ ಅಂತ ನಿಂಗೆ ಬರ್ಕೊಡ್ತೀನಿ."

ಓಕ್ ಮರಗಳ ನಡುವೆ ಹಂದಿ ಕಾಯುವವನೊಬ್ಬ ನಿಂತಿದ್ದ. ದೂರದಿಂದಲೇ ಅವನ ಕೈ ಮೆಲ್ಲಗೆ ಟೋಪಿಯತ್ತ ಏರಿತು. ಎವರಿಸ್ತೋ ಕುದುರೆಯನ್ನು ಓಡಿಸಿಕೊಂಡು ಹೋಗಿ, ಧುಮುಕಿ, ಎರಡೂ ಕೈಯಿಂದ ಆ ಟೋಪಿಯನ್ನು ಮೂಗಿನ ತನಕ ಎಳೆದು ಕೂರಿಸಿದ.

"ಅಯ್ಯೋ! ಹೆಂಗಸರಿಗೆ ಒಂದು ನಮಸ್ಕಾರ ಮಾಡೋದೂ ತಪ್ಪೇನಯ್ಯ?" ಟೋಪಿಯ ಕತ್ತಲೆಯೊಳಗಿಂದ ಅವನು ಕೂಗಿದ.

"ನಿನ್ ನಮಸ್ಕಾರ ಮನೇಲಿಟ್ಕೋ! ಅಲ್ಲಾಡಿದ್ರೆ ನೋಡು!"

ಅಷ್ಟು ಹೊತ್ತಿಗೆ ಹಂದಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಓಡಿದ್ದವು. ಟೋಪಿಯನ್ನು ಕಿತ್ತು ಮೇಲಕ್ಕೆಳೆದುಕೊಂಡವನು ಎವರಿಸ್ತೋನ ವಂಶದವರನ್ನೆಲ್ಲ ಹೆಸರು ಹಿಡಿದು ಬೈಯುತ್ತ ಅವುಗಳ ಹಿಂದೆ ಓಡಿದ. ಅಜ್ಜಿ ಮತ್ತೆ ಬಾಯಿ ತೆರೆದಳು. "ಗೊತ್ತು ಅಮ್ಮಾ!" ಎಂದ ಎವರಿಸ್ತೋ. ಊಟಕ್ಕೆ ಕೂತಾಗ ಇನ್ನೊಮ್ಮೆ ತೆರೆದಳು. ಅವನು ಅವಸರದಿಂದ ರೊಟ್ಟಿಯ ನಡುವೆ ದಪ್ಪ ಹಂದಿಮಾಂಸದ ಹೋಳಿಟ್ಟು ಅವಳ ಕೈಗೆ ತುರುಕಿ, "ತಿನ್ನಿ ಅಮ್ಮಾ, ಧೈರ್ಯ ಬರುತ್ತೆ" ಎಂದ.

ಹೀಗೆ ದಾರಿಯುದ್ದಕ್ಕೂ ಊರೂರಿನ ಟೋಪಿ ಕಾಯುತ್ತ, ಐದು ಗಂಟೆಗೆ ಪೆದ್ರಾಲ್ಬಿಯಾದ ಮೊದಲ ಮನೆ ಕಂಡಾಗ ಎವರಿಸ್ತೋನಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇನ್ನು ಇನ್ನೂರು ಹೆಜ್ಜೆ. ಆ ಬಾರು, ಆ ತಿರುವು, ಆಮೇಲೆ ಲಾಯ. ಮುಂದಿನ ಜಾಗ ಸಾಯೋವರೆಗೂ ತನ್ನದೇ.

ಆಗ ಚರ್ಚಿನ ಗಂಟೆ ಒಂದೊಂದೇ ಏಟು ಬಡಿಯತೊಡಗಿತು.

"ಓಹೋ," ಎಂದ ನೆಮೆಸಿಯೋ, "ಇವತ್ತು ಸೆನೋನ್‌ನ ಮಣ್ಣು ಅಲ್ವಾ?"

ಸೆನೋನ್ ಎಂದರೆ ಎಣ್ಣೆಗಾಣದ ಸೆನೋನ್. ಹನ್ನೊಂದು ವರ್ಷದ ಹಿಂದೆ ಬಾರಿನಲ್ಲಿ ಡಾಮಿನೋ ಆಡುವಾಗ ನೀನು ಮೋಸಗಾರ, ನೀನೇ ಮೋಸಗಾರ ಎಂದು ಕಾಯಿಗಳನ್ನು ಎರಚಾಡಿದಂದಿನಿಂದ ಅವನಿಗೂ ಎವರಿಸ್ತೋನಿಗೂ ಮಾತಿರಲಿಲ್ಲ. ತಿರುವಿನಲ್ಲಿ ಶವಪೆಟ್ಟಿಗೆ ಕಾಣಿಸಿತು. ಮುಂದೆ ಪಾದ್ರಿ, ಹಿಂದೆ ಕರಿ ಬಟ್ಟೆಯಲ್ಲಿ ಹೆಂಡತಿ ಕಸಿಲ್ದಾ, ಅವಳ ಹಿಂದೆ ಅರ್ಧ ಊರು. ಇನ್ನರ್ಧ ಊರು ಬಾರಿನೆದುರು ಸಾಲಾಗಿ ನಿಂತಿತ್ತು. ಗ್ಲಾಸುಗಳನ್ನು ಕಿಟಕಿಯ ಮೇಲಿಟ್ಟು, ಮೂವತ್ತು ಗಂಡಸರು ಮೂವತ್ತು ಟೋಪಿಗಳಿಗೆ ಕೈ ಎತ್ತಿದರು.

ಎವರಿಸ್ತೋ ಹಿಂದೆ ಮುಂದೆ ನೋಡಲಿಲ್ಲ. ಕುದುರೆಗೆ ಹಿಮ್ಮಡಿ ಕೊಟ್ಟು, ಹೆಣಕ್ಕೂ ಬಾರಿಗೂ ನಡುವೆ ನುಗ್ಗಿ, ತನ್ನ ಟೋಪಿಯನ್ನು ಭದ್ರವಾಗಿ ಹಿಡಿದುಕೊಂಡು ಗಂಟಲು ಹರಿಯುವಂತೆ ಕೂಗಿದ:

"ಯಾರೂ ಟೋಪಿ ತೆಗೀಬೇಡಿ! ತೆಗೆದೋರು ಹಾಕ್ಕೊಳ್ಳಿ! ದಮ್ಮಯ್ಯ, ಒಬ್ರೂ ತೆಗೀಬೇಡಿ!"

ಗಂಟೆ ಬಡಿಯುವವನೂ ನಿಲ್ಲಿಸಿಬಿಟ್ಟ. ಆ ಮೌನದಲ್ಲಿ ಜರ್ಮನ್ ವೈದ್ಯ ಗದ್ದದ ದಾರದೊಡನೆ ಗುದ್ದಾಡುವ ಸದ್ದಷ್ಟೇ ಕೇಳುತ್ತಿತ್ತು. ಮೂವತ್ತು ಜನರೂ ಅವನ ಮುಖವನ್ನೇ ನೋಡುತ್ತ, ಬೇಕೆಂದೇ, ನಿಧಾನವಾಗಿ ಟೋಪಿ ತೆಗೆದರು. ಮಾರ್ಕೇಸಾ ಹಿಂದೆಂದೂ ಬಾಗದಷ್ಟು ಚೆಂದವಾಗಿ ಬಾಗಿ, ಪೆಟ್ಟಿಗೆ ಹಾದುಹೋಗುವವರೆಗೂ ಏಳಲಿಲ್ಲ.

"ನೋಡ್ರೇ, ಮೂಕ ಪ್ರಾಣಿಗಿರೋ ಬುದ್ಧಿ ಮನುಷ್ಯನಿಗಿಲ್ವಲ್ರೇ!" ಎಂದು ಹೆಂಗಸರು ಗೊಳೋ ಎಂದರು.

ಎವರಿಸ್ತೋ ಕಣ್ಣುಮುಚ್ಚಿಕೊಂಡಿದ್ದ. ತೆರೆದಾಗ ಅಜ್ಜಿ ಕುದುರೆಯ ಮೇಲೇ ಇದ್ದಳು. ಬಿದ್ದಿರಲಿಲ್ಲ! ಊರು ಉಗಿದರೆ ಉಗಿಯಲಿ, ತಾನು ಗೆದ್ದೆ ಎಂದು ಅವನು ಲಾಯದತ್ತ ಕುದುರೆ ಓಡಿಸಿದ.

ಗೆಲುವು ಬಹಳ ಹೊತ್ತು ಬಾಳಲಿಲ್ಲ. ಅತಿಥಿಗಳು ಇಳಿದು, ಕುದುರೆಗಳಿಗೆ ನೀರು ಕುಡಿಸುವಷ್ಟರಲ್ಲಿ ಕಸಿಲ್ದಾ ಸ್ಮಶಾನದಿಂದ ನೇರವಾಗಿ ಲಾಯದ ಅಂಗಳಕ್ಕೇ ಬಂದಳು. ಹಿಂದೆ ಪಾದ್ರಿ, ಅವರ ಹಿಂದೆ ಊರು.

"ಹನ್ನೊಂದು ವರ್ಷದ ಸಿಟ್ಟು ಹೆಣದ ಮೇಲೆ ತೀರಿಸ್ಕೊಂಡ್ಯೇನೋ?" ಎಂದಳು ಅವಳು. "ನಿನ್ ಟೋಪಿ ನೀನು ತೆಗೀಬೇಡಪ್ಪ, ಅದು ನಿನ್ನ ತತ್ವ. ಬೇರೆಯೋರು ತೆಗೆದ್ರೆ ನಿಂಗೇನೋ ಸಂಕಟ?"

"ಅಯ್ಯೋ ಕಸಿಲ್ದಮ್ಮ, ಸೆನೋನ್ ಮೇಲೆ ನಂಗೇನೂ ಇಲ್ಲ. ಎಲ್ಲ ಈ ಕುದುರೆ ಕಾಟ! ಟೋಪಿ ತೆಗೆದ್ರೆ ಇದು ಬಾಗುತ್ತೆ. ಈ ಅಜ್ಜಿ ಬಿದ್ದು ಮೂಳೆ ಮುರ್ಕೊಂಡ್ರೆ ಏನು ಗತಿ ಅಂತ ಕೂಗ್ದೆ."

"ನಾನು ಹೇಳ್ಲಾ?" ಎಂದಳು ಅಜ್ಜಿ.

"ನೀವು ಸುಮ್ನಿರಿ ಅಮ್ಮಾ, ಮೊದಲೇ ಹೆದರಿದೀರಿ."

ದೋನ್ಯಾ ವಿಸಿತಾಸಿಯೋನ್ ಕೈಕಟ್ಟಿ ನಿಂತಿದ್ದರು. "ತೋರ್ಸು ನೋಡೋಣ," ಎಂದರು.

ನೆಮೆಸಿಯೋ ಮಾರ್ಕೇಸಾಳ ಎದುರು ನಿಂತು ಟೋಪಿ ತೆಗೆದ. ಅದು ಹುಲ್ಲು ಮೆಲ್ಲುತ್ತಿತ್ತು. ಬಾರಿನವನು ತೆಗೆದ, ಅಂಚೆಯವನು ತೆಗೆದ. ಕೊನೆಗೆ ಅಂಗಳದಲ್ಲಿದ್ದವರೆಲ್ಲ ಒಟ್ಟಿಗೆ ತೆಗೆದರು. ಮಾರ್ಕೇಸಾ ಬಾಲ ಬೀಸಿ ಒಂದು ನೊಣ ಓಡಿಸಿತು.

"ಸುಳ್ಳ!" ಎಂದಳು ಕಸಿಲ್ದಾ. ಅವಳ ಕಣ್ಣು ತುಂಬಿ ಬಂತು.

ಆ ಕಣ್ಣೀರನ್ನು ಎವರಿಸ್ತೋನಿಗೆ ನೋಡಲಾಗಲಿಲ್ಲ. ಒಂದೇ ದಾರಿ ಉಳಿದಿತ್ತು. ಬಹುಶಃ ಇದಕ್ಕೆ ಅಗಲ ಅಂಚಿನ ಟೋಪಿಯೇ ಆಗಬೇಕೇನೋ! ಅವನು ಮಾರ್ಕೇಸಾಳ ಎದುರು ಹೋಗಿ ನಿಂತು, ಒಂಬತ್ತು ವರ್ಷದ ಮೇಲೆ ಮೊದಲ ಬಾರಿಗೆ ಟೋಪಿ ತೆಗೆದ.

ಸಂಜೆಬಿಸಿಲು ನೆತ್ತಿಯ ಮೇಲೆ ಬಿದ್ದು ಅಂಗಳವೆಲ್ಲ ಬೆಳಗಿತು. ಮಾರ್ಕೇಸಾ ಹುಲ್ಲು ಬಿಟ್ಟು ತಲೆಯೆತ್ತಿ ನೋಡಿತು. ಮುಂದೆ ಬಂದು ಮೂಸಿತು. ಆಮೇಲೆ, ಬೆವರಿನ ಉಪ್ಪು ರುಚಿಸಿತೋ ಏನೋ, ಹಿಂದಿನಿಂದ ಮುಂದಕ್ಕೆ ಒಮ್ಮೆ ಬೋಳುತಲೆಯನ್ನು ನೀಟಾಗಿ ನೆಕ್ಕಿತು.

"ಈಗಲಾದ್ರೂ ಮಾತಾಡ್ಲಾ?" ಎಂದು ಕೇಳಿದ ಪಿರೋಷ್ಕಾ ಅಜ್ಜಿ ಉತ್ತರಕ್ಕೆ ಕಾಯದೆ, ಹದಿನೆಂಟರ ಹುಡುಗಿಯಂತೆ ಕುದುರೆಯ ಮೇಲೆ ಹಾರಿ ಕೂತಳು. ಬೂಟಿನ ತುದಿಯಿಂದ ಅದರ ಹೆಗಲನ್ನು ಮೆಲ್ಲಗೆ ತಟ್ಟಿದಳು. ಮಾರ್ಕೇಸಾ ಎವರಿಸ್ತೋನ ಪಾದದ ತನಕ ಬಾಗಿತು.

"ನಲವತ್ತು ವರ್ಷ ಸರ್ಕಸ್‌ನಲ್ಲಿ ಕುದುರೆ ಮೇಲೆ ಕೆಲಸ ಮಾಡ್ದೋಳು ನಾನು. ಗಂಡಸರು ಟೋಪಿ ತೆಗೆದ್ರೆ ಕುದುರೆ ಬಗ್ಗಿಸಿ ವಂದನೆ ಹೇಳೋದು ನಮ್ಮ ಮರ್ಯಾದೆ. ಸತ್ತವರಿಗೂ ಹಾಗೇ ಮಾಡ್ದೆ. ಬೆಳಿಗ್ಗೆಯಿಂದ ಹೇಳೋಕೆ ಬಂದ್ರೆ ಈ ಮನುಷ್ಯ ಬಾಯಿಗೆ ರೊಟ್ಟಿ ತುರುಕ್ತಾನೆ!"

ಯಾರಾದರೂ ನಕ್ಕಿದ್ದರೆ ಎವರಿಸ್ತೋನಿಗೆ ಎಷ್ಟೋ ವಾಸಿಯಾಗುತ್ತಿತ್ತು. ಯಾರೂ ನಗಲಿಲ್ಲ. ಎಲ್ಲರೂ ಅವನ ತಲೆಯನ್ನೇ ನೋಡುತ್ತಿದ್ದರು. ಕಸಿಲ್ದಾ ಹತ್ತಿರ ಬಂದು, ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದಳು.

"ಅಂದ್ರೆ… ನೀನು ಚರ್ಚಿಗೆ ಬರ್ದೇ ಇದ್ದದ್ದು… ಇದಕ್ಕಾ?"

ಎವರಿಸ್ತೋ ಟೋಪಿಯಿಂದ ನೆತ್ತಿಯ ಮೇಲಿನ ಕುದುರೆಯ ಜೊಲ್ಲು ಒರೆಸಿಕೊಂಡ.

"ನಮ್ಮೆಜಮಾನ್ರು ಮೊನ್ನೆಯವರ್ಗೂ ಹೇಳ್ತಿದ್ರು. ಆ ಎವರಿಸ್ತೋ ಡಾಮಿನೋದಲ್ಲಿ ಮೋಸಗಾರ, ಆದ್ರೆ ಗಂಡಸು ಅಂದ್ರೆ ಅವನೇ ಕಣೇ, ಪಾದ್ರಿಗೂ ಬಗ್ಗದೆ ತಾನು ನಂಬಿದ್ದಕ್ಕೆ ನಿಂತಿದ್ದಾನೆ ಅಂತ. ಸದ್ಯ, ಇದನ್ನ ನೋಡೋಕೆ ಅವ್ರಿಲ್ಲ."

ಬೈಗುಳಕ್ಕೆಲ್ಲ ಜಗ್ಗದಿದ್ದ ಎವರಿಸ್ತೋನಿಗೆ ಈ ಮಾತು ಎದೆಗೇ ಬಡಿಯಿತು. ಅತ್ತ ಪಾದ್ರಿಗಳು ಮಾತ್ರ ಹಸನ್ಮುಖರಾಗಿ, "ಭಾನುವಾರ ಮುಂದಿನ ಸಾಲಲ್ಲೇ ಜಾಗ ಇಟ್ಟಿರ್ತೀನಪ್ಪ" ಎಂದರು.

ದೋನ್ಯಾ ವಿಸಿತಾಸಿಯೋನ್ ಅವನ ಕೈಯಿಂದ ಟೋಪಿಯನ್ನು ತೆಗೆದುಕೊಂಡು ಲಾಯದ ಮೊಳೆಗೆ ನೇತುಹಾಕಿದರು. "ಯಾರೂ ಬೀಳ್ಲಿಲ್ಲ. ನನ್ನ ಮಾತು ಅಂದ್ರೆ ಮಾತು, ಮುಂದಿನ ಜಾಗ ನಿಂದೇ. ಆದ್ರೆ ನಮ್ ಅತಿಥಿಗೆ ಇನ್ನೂ ಐದು ದಿನ ದಾರಿಯಲ್ಲಿ ವಂದನೆ ಹೇಳೋ ಆಸೆ ಇದೆ. ಎದುರಿಗೆ ಬಂದೋರಿಗೆಲ್ಲ ನೀನು ಮೊದಲು ತಲೆಬಾಗು, ಆಗ ಅವ್ರು ಟೋಪಿ ತೆಗೀತಾರೆ. ಈ ಊರಿಂದ್ಲೇ ಶುರು ಮಾಡು."

ಮರುದಿನ ಬೆಳಿಗ್ಗೆ ಎವರಿಸ್ತೋ ಎಲ್ಲರಿಗಿಂತ ಮುಂದೆ ಹೊರಟ. ಎಳೆಬಿಸಿಲು ಬೋಳುನೆತ್ತಿಯ ಮೇಲೆ ಚುರುಗುಟ್ಟುತ್ತಿತ್ತು. ಬಾರಿನೆದುರು ಕೂತಿದ್ದವರಿಗೆ ಅವನು ತಲೆಬಾಗಿಸಿದ. ಹಿಂದೆ ಪಿರೋಷ್ಕಾ ಅಜ್ಜಿ ಬೂಟಿನ ತುದಿ ಎತ್ತಿ ಸಿದ್ಧವಾದಳು. ಆದರೆ ಮೂವತ್ತು ಜನರೂ ಟೋಪಿಗಳನ್ನು ಕಿವಿಯ ತನಕ ಕೆಳಗೆಳೆದುಕೊಂಡು, ಒಂದೇ ದನಿಯಲ್ಲಿ ಕೂಗಿದರು:

"ಯಾರೂ ಟೋಪಿ ತೆಗೀಬೇಡಿ!"