ಅಮ್ಮನ ಮೂರನೇ ವೋಟು

ನಾನು ಮುಟ್ಟಿದ ಯಂತ್ರ ನಾನೊಬ್ಬನೇ ಇದ್ದಾಗ ಕೆಡುವುದಿಲ್ಲ. ನಾಲ್ಕು ಜನ ದೊಡ್ಡವರು ಸುತ್ತ ಕೂತು, ಚಹಾ ಬಂದು, ನಾನು “ಈಗ ನೋಡಿ” ಎಂದ ಮೇಲೇ ಕೆಡುತ್ತದೆ. ವಡೋದರಾಕ್ಕೆ ಬಂದು ಇಪ್ಪತ್ತು ವರ್ಷವಾಯಿತು, ಒಮ್ಮೆಯೂ ತಪ್ಪಿಲ್ಲ. ಕೆಳಗಿನದೆಲ್ಲ ನಡೆದದ್ದು ನಡೆದ ಹಾಗೇ ಇದೆ. ಒಗ್ಗರಣೆ ಮಾತ್ರ ನನ್ನದು.

೧. ಸಹಿ ಯಾರದು?

ಸೂರತ್ತಿನ ಸೀರೆ ಕಂಪನಿಯೊಂದು ನಮ್ಮ ಗಿರಾಕಿ. ಅವರ ಆರ್ಡರು, ದಾಸ್ತಾನು ಎಲ್ಲ ಒಂದೇ ಡೇಟಾಬೇಸಿನಲ್ಲಿ. ಒಂದು ಸರ್ವರ್ ಮಲಗಿದರೆ ಇನ್ನೊಂದು ನಡೆಸಬೇಕೆಂದು ಎರಡು ಸರ್ವರ್. ಎರಡಕ್ಕೂ ಸೇರಿ ಒಂದೇ ಡಿಸ್ಕು. ಒಂದು ಬರೆದದ್ದರ ಮೇಲೆ ಇನ್ನೊಂದು ಬರೆದು ಕೆಡಿಸದಂತೆ ಕಾಯುವುದೇ ಕ್ಲಸ್ಟರ್ ಫೈಲ್ ಸಿಸ್ಟಮ್. ಅಂಥವು ಹಲವು. ಒಂದನ್ನು ನಾನು ಆರಿಸಬೇಕಿತ್ತು.

“ಯಾವುದನ್ನು ಬೇಕಾದರೂ ಆರಿಸಿ. ಸಹಿ ನಿಮ್ಮದು,” ಎಂದರು ನಮ್ಮ ಬಾಸ್.

“ಕೆಟ್ಟರೆ?”

“ಹೇಳಿದೆನಲ್ಲ, ಸಹಿ ನಿಮ್ಮದು.”

ನನಗೆ ಐವತ್ತಕ್ಕೆ ಎರಡು ಕಮ್ಮಿ. ಈ ವಯಸ್ಸಿನಲ್ಲಿ ಕೆಲಸ ಹೋದರೆ ಬೇರೆ ಯಾರು ಕರೆದು ಕೆಲಸ ಕೊಡುತ್ತಾರೆ? ಎರಡು ದಿನ ಅನ್ನ ಸೇರಲಿಲ್ಲ. ಮೂರನೆಯ ದಿನ ಅಹಮದಾಬಾದಿನಿಂದ ಟೈ ಕಟ್ಟಿಕೊಂಡು ಒಬ್ಬ ಮಾರಾಟಗಾರ ಬಂದ. “ನಮ್ಮ ಸಿಸ್ಟಮ್ ಬೀಳುವುದೇ ಇಲ್ಲ ಸಾಹೇಬ್!” ಎಂದು ಎದೆ ತಟ್ಟಿದ. ಅವನು ಚಹಾಕ್ಕೆ ಬಗ್ಗಿದಾಗ ನನ್ನ ಕೈ ಸುಮ್ಮನಿರಬೇಕಲ್ಲ, ಅವನು ತಂದಿಟ್ಟಿದ್ದ ಯಂತ್ರದಿಂದ ಮೆಲ್ಲಗೆ ಒಂದು ಕೇಬಲ್ ಎಳೆದೆ. ಪರದೆ ಕಪ್ಪಾಯಿತು.

ಅವನು ಟೈ ಸರಿಮಾಡಿಕೊಂಡು ಹೇಳಿದ: “ಕೇಬಲ್ ಎಳೆಯದಿದ್ದರೆ ಬೀಳುವುದೇ ಇಲ್ಲ.”

೨. ಎರಡು ಸಲ ಬೆಲ್ಲ

ನನ್ನ ಚಿಂತೆ ಹೇಳಿಕೊಳ್ಳಲು ನಮ್ಮೂರ ಕಡೆಯವರೆಂದರೆ ಇಲ್ಲಿನ ಅಲ್ಕಾಪುರಿಯ ಉಡುಪಿ ಹೋಟೆಲಿನ ಭಟ್ಟರೊಬ್ಬರೇ. ಎರಡು ಸರ್ವರ್, ಒಂದು ಡಿಸ್ಕಿನ ಕತೆ ಕೇಳಿ ಅವರು ನಕ್ಕರು.

“ಇದೆಂಥ ಮಾರಾಯ್ರೆ, ನಮ್ಮ ಅಡುಗೆಮನೆಯದ್ದೇ ಕತೆ! ಇಬ್ಬರು ಅಡುಗೆಯವರು, ಒಂದೇ ಸಾಂಬಾರು. ಸೌಟು ಯಾರ ಕೈಯಲ್ಲುಂಟೋ ಅವನೇ ಬೆಲ್ಲ ಹಾಕಬೇಕು. ಮೊನ್ನೆ ಇಬ್ಬರ ಕೈಯಲ್ಲೂ ಸೌಟಿತ್ತು. ಇಬ್ಬರೂ ಹಾಕಿದರು.”

“ಅಯ್ಯೋ! ಗಿರಾಕಿಗಳು ಬೈದರಾ?”

“ಬೈಯುವುದಾ? ಇಲ್ಲಿನವರಿಗೆ ಸಾಂಬಾರೂ ಸಿಹಿಯೇ ಆಗಬೇಕಲ್ವಾ, ಎರಡೆರಡು ಸಲ ಹಾಕಿಸಿಕೊಂಡರು. ‘ಇವತ್ತು ಸಾಂಬಾರು ಸರಿಯಾಯಿತು’ ಅಂದರು!”

ಅವರು ನಕ್ಕರು, ನಾನು ಬೆವೆತೆ. ಕೆಟ್ಟದ್ದು ಯಾರಿಗೂ ಗೊತ್ತಾಗುವುದೇ ಇಲ್ಲವೆಂದರೆ ಅದಕ್ಕಿಂತ ಭಯ ಬೇರೆ ಉಂಟೇ?

೩. ಅಣ್ಣ ತಮ್ಮ

ಸೌಟಿನ ಲೆಕ್ಕ ಕಟ್ಟುನಿಟ್ಟಾಗಿ ಇಡುವ ಒಂದನ್ನು ಕೊನೆಗೂ ಆರಿಸಿ, ಸಹಿ ಹಾಕಿ, ಸೂರತ್ತಿಗೆ ಹೋದೆ. ಕಂಪನಿ ಇಬ್ಬರು ಅಣ್ಣತಮ್ಮಂದಿರದು. ಅಣ್ಣನ ಮಹಡಿಯಲ್ಲಿ ಒಂದು ಸರ್ವರ್, ತಮ್ಮನ ಮಹಡಿಯಲ್ಲಿ ಇನ್ನೊಂದು. ಇಬ್ಬರಿಗೂ ಅಷ್ಟಕ್ಕಷ್ಟೇ.

“ಎರಡರ ನಡುವಿನ ಸಂಪರ್ಕ ಕಡಿದರೆ, ಇದು ‘ಅದು ಸತ್ತಿತು, ಇನ್ನು ನಾನೇ ಯಜಮಾನ’ ಅನ್ನುತ್ತದೆ. ಅದೂ ಹಾಗೇ ಅನ್ನುತ್ತದೆ. ಒಂದನ್ನು ನಿಲ್ಲಿಸಲೇಬೇಕು,” ಎಂದೆ.

ಅಣ್ಣ ತಮ್ಮನನ್ನು ನೋಡಿದರು. ತಮ್ಮ ಅಣ್ಣನನ್ನು ನೋಡಿದರು. “ಯಾವುದನ್ನು?” ಎಂದು ಇಬ್ಬರೂ ಒಟ್ಟಿಗೇ ಕೇಳಿದರು.

“ಅದಕ್ಕೇ ಮೂರನೆಯದೊಂದು ಪುಟ್ಟ ಪೆಟ್ಟಿಗೆ ಇಡುತ್ತೇವೆ. ಅದರ ವೋಟು ಯಾರಿಗೋ ಅವರು ಉಳಿಯುತ್ತಾರೆ. ಎಲ್ಲಿಡೋಣ?”

ಜೀವಮಾನದಲ್ಲಿ ಮೊದಲ ಸಲ ಇಬ್ಬರಿಗೂ ಒಂದೇ ಉತ್ತರ: “ಅಮ್ಮನ ಹತ್ತಿರ!”

ಪೆಟ್ಟಿಗೆ ಅವರ ಮನೆಯ ದೇವರಕೋಣೆಗೆ ಹೋಯಿತು. ಅಮ್ಮ, ಎಂಬತ್ತರ ಹತ್ತಿರದವರು, “ಏನಪ್ಪಾ ಇದು?” ಎಂದರು. ನನ್ನ ಹಾಳು ನಾಲಿಗೆ! “ನಿಮ್ಮ ಮಕ್ಕಳಲ್ಲಿ ಯಾರ ಮಾತು ನಡೆಯಬೇಕೆಂದು ಹೇಳುವ ಪೆಟ್ಟಿಗೆ ಅಮ್ಮಾ,” ಎಂದುಬಿಟ್ಟೆ. ಅಮ್ಮ ನಗಲಿಲ್ಲ. ಸ್ವಿಚ್ ಎಲ್ಲಿದೆ ಎಂದು ಮಾತ್ರ ಕೇಳಿ ತಿಳಿದುಕೊಂಡರು.

೪. ಪರೀಕ್ಷೆ

ಕೆಲಸ ಗಿರಾಕಿಗೆ ಒಪ್ಪಿಸುವ ದಿನ. ಅಣ್ಣ, ತಮ್ಮ, ನಮ್ಮ ಬಾಸ್, ನಾಲ್ಕು ಲೋಟ ಚಹಾ. ಕೆಳಗಿನ ಮಹಡಿಗಳಲ್ಲಿ ಆರ್ಡರ್ ಬರೆಯುವ ಕೀಬೋರ್ಡುಗಳ ಟಕಟಕ. ನಾನು “ಈಗ ನೋಡಿ” ಎಂದು ಎರಡು ಸರ್ವರ್‌ಗಳ ನಡುವಿನ ಕೇಬಲ್ ಎಳೆದೆ.

ಒಂದು ನಿಲ್ಲಬೇಕಿತ್ತು. ಎರಡೂ ನಿಂತವು.

ಟಕಟಕ ನಿಂತಿತು. ಮಹಡಿ ಮಹಡಿಯಿಂದ “ಬಂದ್ ಹೋ ಗಯಾ!” ಎಂಬ ಕೂಗು. ಬಾಸ್ ಚೀಲದಿಂದ ನನ್ನ ಸಹಿಯಿದ್ದ ಕಾಗದ ತೆಗೆದು ಮೇಜಿನ ಮೇಲೆ ಇಟ್ಟರು. ಕೇಬಲ್ ಮತ್ತೆ ಚುಚ್ಚಿದೆ. ಎರಡೂ ಏಳಲಿಲ್ಲ. ಕಡೆಗೆ ಹೊಳೆಯಿತು: ಇಬ್ಬರಿಗೂ ವೋಟು ಸಿಕ್ಕಿಲ್ಲ. ಮೂರನೇ ಪೆಟ್ಟಿಗೆಯೇ ಸತ್ತಿದೆ.

ಮನೆಗೆ ಫೋನು ಮಾಡಿದೆ. “ಅಮ್ಮಾ, ಪೆಟ್ಟಿಗೆಯ ದೀಪ ಉರಿಯುತ್ತಿದೆಯಾ?”

“ಇಲ್ಲ. ಬೆಳಿಗ್ಗೆಯೇ ನಾನು ಆರಿಸಿದೆ.”

“ಯಾಕಮ್ಮಾ?!”

“ನೀನೇ ಹೇಳಿದೆಯಲ್ಲ ಮಗನೇ, ಯಾರ ಮಾತು ನಡೆಯಬೇಕೆಂದು ಅದು ಹೇಳುತ್ತದೆ ಅಂತ. ಇಬ್ಬರೂ ಜಗಳವಾಡಿ ಒಬ್ಬೊಬ್ಬರೇ ಹೋಗಿದ್ದಾರೆ. ಒಟ್ಟಿಗೆ ಊಟಕ್ಕೆ ಬರುವವರೆಗೆ ಇಬ್ಬರದೂ ನಡೆಯಬಾರದು.”

ಅಣ್ಣತಮ್ಮಂದಿರು ಒಂದೇ ಕಾರಿನಲ್ಲಿ ಕೂತರು. ಹಿಂದಿನ ಸೀಟಿನಲ್ಲಿ ಬಾಸ್, ಕಾಗದ, ನಾನು. ಮನೆಯಲ್ಲಿ ಅಮ್ಮ ಬಡಿಸಿದರು: ರೋಟಿಯ ಮೇಲೆ ರೋಟಿ, ಮೇಲಿಷ್ಟು ತುಪ್ಪ. ಇಬ್ಬರೂ ಕೈ ತೊಳೆದ ಮೇಲೆ ಅಮ್ಮ ಎದ್ದು ಸ್ವಿಚ್ ಹಾಕಿದರು. ಹಿಂದಿರುಗಿ ಸರ್ವರ್‌ಗಳನ್ನು ಎಬ್ಬಿಸಿ ಒಂದೊಂದೇ ಆರ್ಡರ್ ತಾಳೆ ನೋಡಿದೆವು. ಒಂದು ಸೀರೆಯೂ ಆಚೀಚೆಯಾಗಿರಲಿಲ್ಲ! ವೋಟಿಲ್ಲದಾಗ ತೆಪ್ಪಗೆ ಕೂರುವ ಸಿಸ್ಟಮನ್ನೇ ನಾನು ಆರಿಸಿದ್ದೆ. ಬಾಸ್ ಕಾಗದ ತೆಗೆದು, ನನ್ನ ಸಹಿಯ ಮೇಲೆ ತಮ್ಮದೂ ಒಂದು ಹಾಕಿದರು.

ಪೆಟ್ಟಿಗೆಯನ್ನು ಬೇರೆ ಕಡೆ ಇಡೋಣವೆಂದೆ. ಯಾರಿಗೂ ಅಮ್ಮನನ್ನು ಕೇಳುವ ಧೈರ್ಯವಿರಲಿಲ್ಲ. ಹಾಗಾಗಿ ನಾನು ಬರೆದ ಕೈಪಿಡಿಯಲ್ಲಿ, ‘ಎರಡೂ ಸರ್ವರ್ ನಿಂತರೆ ಮೊದಲು ಮಾಡಬೇಕಾದದ್ದು’ ಎಂಬ ಪುಟದಲ್ಲಿ ಈಗಲೂ ಒಂದೇ ಸಾಲಿದೆ: “ಯಜಮಾನರಿಬ್ಬರನ್ನೂ ಒಂದೇ ಕಾರಿನಲ್ಲಿ ಊಟಕ್ಕೆ ಕಳಿಸುವುದು.”